ಹೂಗ್ಯಂನ ಹಂದಿಗಳು ಕೇಳಿದ ಹಾಡು

ನಾನು ಓದಿ ಡಿಗ್ರಿ ತೆಗೆಯುವುದೂ ಇಲ್ಲ, ಅಪ್ಪ ಹಾಡಿದ್ದ ಹಳೇ ಗ್ರಾಮಫೋನ್ ಪ್ಲೇಟು ಸಿಕ್ಕುವುದೂ ಇಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದವರು ನಮ್ಮ ದೊಡ್ಡಪ್ಪ. ಅಪ್ಪನ ಸ್ವಂತ ಅಣ್ಣ. ಕೆಟ್ಟವರಲ್ಲ. ಆಗುವುದನ್ನು ಆಗುತ್ತದೆ, ಆಗದ್ದನ್ನು ಆಗದು ಎಂದು ಮುಖಕ್ಕೆ ಹೇಳುವವರು.

"ಸಾವಿ, ಆ ಪ್ಲೇಟು ಭೂಮಿ ಮ್ಯಾಗೆ ಇಲ್ಲ ಕಣವ್ವ. ನೀನು ಓದಿ ಮೈಸೂರ್ಗೆ ಓಗೋದೂ ಇಲ್ಲ. ಸುಮ್ಕೆ ಕಂಡಿಕೆ ಸುತ್ತು. ನಿಮ್ಮಪ್ಪನ ಮನೆ ನಡೀಬೇಕಲ್ವಾ?"

ನಮ್ಮೂರು ಕೊಳ್ಳೇಗಾಲ ಮದರಾಸು ಸೀಮೆ ಬಿಟ್ಟು ಮೈಸೂರು ಸೀಮೆಗೆ ಬಂದು ಆಗಿನ್ನೂ ಹತ್ತು ವರ್ಷ ತುಂಬಿರಲಿಲ್ಲ. ನಮ್ಮ ಬೀದಿಯಲ್ಲಿ ಕೋಳಿಗಿಂತ ಮೊದಲು ಮಗ್ಗ ಏಳುತ್ತಿತ್ತು. ಒಂದು ಮನೆಯಲ್ಲಿ ರೇಷ್ಮೆ ಬೇಯಿಸುವ ಸೋಪಿನ ವಾಸನೆ, ಪಕ್ಕದ ಮನೆಯಲ್ಲಿ ಬಣ್ಣದ ಹಂಡೆಯ ವಾಸನೆ, ಅದರ ನಡುವೆ ಯಾರದೋ ಒಲೆಯಿಂದ ಹುರುಳಿಕಾಳು ಬಸ್ಸಾರಿನ ಘಮ. ನೆಲ ಅಗೆದ ಕುಣಿಯೊಳಗೆ ಕಾಲಿಳಿಸಿ ಕೂತು ಅಪ್ಪ ನೇಯುತ್ತಿದ್ದ. ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುವುದು ನನ್ನ ಕೆಲಸ. ಶಾಲೆಗೆ ಮುಂಚೆ ಸುತ್ತಬೇಕು, ಶಾಲೆಯಿಂದ ಬಂದು ಸುತ್ತಬೇಕು.

ನಾನು ಹುಟ್ಟುವ ಮೊದಲು ಅಪ್ಪನದೊಂದು ಪಾರ್ಟಿ ಇತ್ತು. ಲಾಳಿ ಪಾರ್ಟಿ ಅಂತ ಹೆಸರು. ಅಪ್ಪ ಹಾಡುವುದು, ಯಳಂದೂರು ಕಡೆಯ ಅಗರದ ನಂಜುಂಡಯ್ಯನವರು ಹಾರ್ಮೋನಿಯಂ, ಇನ್ನಿಬ್ಬರು ನೇಕಾರರಲ್ಲಿ ಒಬ್ಬ ಬುಲ್‌ಬುಲ್ ಎನ್ನುವ ತಂತಿವಾದ್ಯ ನುಡಿಸುವುದು, ಇನ್ನೊಬ್ಬ ತಾಮ್ರದ ಕೊಳಗ ಬಡಿಯುವುದು. ಗಲಾಟೆಯೇ ಸಂಗೀತ. ಮದುವೆ ಮನೆಗಳಲ್ಲಿ ಜನ ಉಣ್ಣುವುದು ಬಿಟ್ಟು ನಗುತ್ತಿದ್ದರಂತೆ. ಅವರನ್ನು ಮದರಾಸಿಗೆ ಕರೆಸಿ ಎರಡು ಪ್ಲೇಟು ಮಾಡಿದರು. ಅವು ಖರ್ಚಾಗಲಿಲ್ಲ. ಮೂರನೆಯದಕ್ಕೆ ಕಂಪನಿಯವರು ದೇವರ ಹಾಡು ಕೇಳಿದರು. ಅಪ್ಪ ಮಗ್ಗಕ್ಕೆ ವಾಪಸಾದ. ನಂಜುಂಡಯ್ಯನವರು ಅದೇ ಹೆಸರಿನಲ್ಲಿ ದೇವರ ಹಾಡು ಹಾಡಿ ಸುತ್ತಮುತ್ತ ಹೆಸರು ಮಾಡಿದರು.

ಮನೆಯಲ್ಲಿದ್ದ ಹಳೇ ಪ್ಲೇಟು ಎಂದೋ ಒಡೆದಿತ್ತು. ಅದರ ಚೂರು ನಮ್ಮ ಬೀದಿಯ ಹುಡುಗಿಯರಿಗೆ ಕುಂಟಾಬಿಲ್ಲೆ ಆಡುವ ಬಿಲ್ಲೆ. ಹೆಂಚಿನ ಚೂರಿಗಿಂತ ಚೆನ್ನಾಗಿ ಜಾರುತ್ತಿತ್ತು. ಹಾಗೆ ಅಪ್ಪನ ಹಾಡನ್ನು ನಾನು ಕಾಲಿನಲ್ಲಿ ತಳ್ಳಿದ್ದೆ, ಕಿವಿಯಲ್ಲಿ ಕೇಳಿರಲಿಲ್ಲ.

ಆ ವರ್ಷ ಮಳೆಗಾಲದಲ್ಲಿ ಅಪ್ಪನ ಗಂಟಲು ಕಟ್ಟಿತು. ಕಷಾಯಕ್ಕೆ ಬಿಡಲಿಲ್ಲ, ಜೇನಿಗೆ ಬಿಡಲಿಲ್ಲ. ಕೊನೆಗೆ ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿ ನೋಡಿದವರು, ಒಳಗೆ ಗಂಟು ಇದೆ, ದನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು. ತೆಗೆದರೆ ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ದೀಪಾವಳಿ ಮುಗಿಸಿಕೊಂಡು ಬನ್ನಿ, ಅಲ್ಲೀತನಕ ಆದಷ್ಟು ಮಾತಾಡಬೇಡಿ.

ಬಸ್ಸಿನಲ್ಲಿ ಬರುತ್ತಾ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಅಪ್ಪ ಅವಳ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ಅವಳು ಬೈದಳು.

"ಏನಂತವ್ವ?" ಅಂದೆ.

"ಇನ್ಮ್ಯಾಕೆ ಜಗಳದಲ್ಲಿ ನೀನೇ ಗೆಲ್ತೀಯ ಅಂತವ್ರೆ. ಇಂತಾ ಒತ್ನಲ್ಲೂ."

ನನಗೆ ಹಿಡಿದ ದಿಗಿಲು ಒಂದೇ. ಅಪ್ಪನ ದನಿ ನನಗೆ ಮರೆತುಹೋಗುತ್ತದೆ. ಆಗಲೇ ಅದು ದಿನದಿಂದ ದಿನಕ್ಕೆ ಒಡೆದು, ಹಳೇ ಬಾಗಿಲು ತೆಗೆದಂತೆ ಕೇಳುತ್ತಿತ್ತು. ನೆನಪಿಟ್ಟುಕೊಳ್ಳಬೇಕಾದ ದನಿ ಇದಲ್ಲ ಎಂದು ಗೊತ್ತಿತ್ತು, ಹಿಂದಿನದನ್ನು ನೆನೆಸಿಕೊಂಡರೆ ಸರಿಯಾಗಿ ಬರುತ್ತಿರಲಿಲ್ಲ. ಪ್ಲೇಟು ಹುಡುಕೋಣ ಎಂದು ಹಟ ಹಿಡಿದೆ. ದೊಡ್ಡಪ್ಪ ಆ ಮಾತು ಹೇಳಿದ್ದು ಆಗಲೇ. ಅವ್ವ ಅವರಿಗೆ ಎದುರಾಡಲಿಲ್ಲ. ಮಾರನೇ ದಿನ ರೊಟ್ಟಿ ಕಟ್ಟಿಕೊಂಡು ನನ್ನ ಕೈ ಹಿಡಿದು ಹೊರಟಳು.

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೇಳಿದೆವು. "ಲಾಳಿ ಪಾರ್ಟಿನಾ? ಅವೆ ಬನ್ನಿ" ಎಂದು ಹೋಟೆಲಿನವರು ಹೆಮ್ಮೆಯಿಂದ ಹಾಕಿದರು. ದೇವರ ಹಾಡು. ನಂಜುಂಡಯ್ಯನವರ ದನಿ. ಯಳಂದೂರಿನ ಮೈಕ್ ಸೆಟ್ಟಿನವನೂ ಲಾಳಿ ಪಾರ್ಟಿ ಎಂದು ತೆಗೆದದ್ದು ಅದನ್ನೇ. ಪ್ರತಿ ಸಲವೂ ಚೀಟಿಯ ಮೇಲೆ ಆ ಹೆಸರು ಕಂಡು ನನ್ನ ಎದೆ ಹಾರುವುದು, ಮುಳ್ಳು ಇಟ್ಟ ಕೂಡಲೇ ಹಾರ್ಮೋನಿಯಂ ಭಕ್ತಿಯಿಂದ ನರಳುವುದು. ಅಗರಕ್ಕೆ ಹೋಗಿ ನಂಜುಂಡಯ್ಯನವರನ್ನೇ ಕೇಳಿದೆವು. ಕಾಫಿ ಕೊಟ್ಟರು, ಅಪ್ಪನ ಸುದ್ದಿ ಕೇಳಿ ಕಣ್ಣು ಒರೆಸಿಕೊಂಡರು. "ಅವೆಲ್ಲ ಹುಡುಗಾಟದ ಪ್ಲೇಟು ಕಣಮ್ಮ. ನಾನು ಇಟ್ಕೊಳ್ಳಲಿಲ್ಲ" ಅಂದರು.

ಹನೂರಿನ ಮೈಕ್ ಸೆಟ್ಟಿನ ಮುದುಕನಿಗೆ ಮಾತ್ರ ನೆನಪಿತ್ತು. "ರೈಲಿನ ಹಾಡಾ? ಟಿಕೀಟು ಕೊಡಿ ಸಾ ಅಂತ? ಅದ ಹೂಗ್ಯಂ ಊರ್ನ ಪಳನಿಯಪ್ಪ ತಕಂಡೋದ. ಅಂದಿ ಓಡ್ಸಕೆ."

ಅವ್ವ ಅದನ್ನು ಗೇಲಿ ಎಂದು ತಿಳಿದಳು. "ಅಂದಿ ಓಡ್ಸೋ ಅಂತಾ ಹಾಡೇನಲ್ಲ ಅದು."

"ಅಯ್ಯೋ, ಕಾಡಂದಿ ಕಣಮ್ಮ. ರಾಗಿಗೆ ಬತ್ತವಲ್ಲ, ಅವಕೆ. ಹೊಲದ ಅಟ್ಟಣೆ ಮ್ಯಾಲೆ ಕೂತು ಪೆಟ್ಟಿಗೆ ತಿರುಗ್ಸಿ ಆಕ್ತಾನೆ. ಆ ಹಾಡು ಕೇಳುದ್ರೆ ಅಂದಿ ನಿಲ್ಲಲ್ವಂತೆ."

ಮನೆಗೆ ಬಂದು ಹೇಳಿದಾಗ ಅಪ್ಪ ಹೊಟ್ಟೆ ಹಿಡಿದುಕೊಂಡು ಸದ್ದಿಲ್ಲದೆ ನಕ್ಕ. ಅಲ್ಲಿಯವರೆಗೆ ಈ ಹುಡುಕಾಟ ಬೇಡವೆನ್ನುತ್ತಿದ್ದವನು ತಾನೂ ಬರುತ್ತೇನೆ ಎಂದು ಸನ್ನೆ ಮಾಡಿದ.

ರಾಮಾಪುರದಲ್ಲಿ ಬಸ್ಸಿಳಿದು ಎತ್ತಿನ ಗಾಡಿ ಹತ್ತಿದೆವು. ದಾರಿಯುದ್ದಕ್ಕೂ ತೆನೆ ಬಾಗಿದ ರಾಗಿ, ಆಚೆಗೆ ಕಾಡು. ಪಳನಿಯಪ್ಪ ತಮಿಳು ಬೆರೆಸಿ ಕನ್ನಡ ಮಾತಾಡುವ ರೈತ. ಬಂದ ಕಾರಣ ಅವ್ವ ಹೇಳಿದಳು. ಪಿಸುಗುಟ್ಟಿ ನಮಸ್ಕಾರ ಅಂದ ಅಪ್ಪನನ್ನು ಅವನು ಮೇಲೆ ಕೆಳಗೆ ನೋಡಿದ.

"ಈ ದನಿ ಇವರ್ದಾ? ಇವರ್ಗೆ ದನಿಯೇ ಇಲ್ವಲ್ಲಮ್ಮ."

"ಕಾಯಿಲೆ ಕಣಪ್ಪ. ಅದ್ಕೇ ಕೇಳ್ತಿರೋದು."

"ಓದ ವರ್ಸನೂ ಒಬ್ಬ ಬಂದಿದ್ದ, ಆ ಪ್ಲೇಟ್ನಲ್ಲಿರೋನು ನಮ್ಮ ಭಾವ ಅಂತ. ಕೊಟ್ಬುಟ್ರೆ ನನ್ ರಾಗಿ ಗತಿ ಏನು? ದೇವರ ಹಾಡಾಕಿ ನೋಡ್ದೆ. ಅಂದಿ ಕೂತ್ಕಂಡು ತಿಂತವೆ, ಆರಾಮಾಗಿ."

ಅಪ್ಪ ಒಂದು ಸಾಲು ಹಾಡಿ ತೋರಿಸಲು ಬಾಯಿ ತೆರೆದ. ಗರಗರ ಗಾಳಿ ಬಂತು, ಅಷ್ಟೇ. ಇನ್ನೊಂದು ಸಲ ಪ್ರಯತ್ನಿಸಿದ. ಕತ್ತಿನ ನರ ಉಬ್ಬಿದವು. ಪಳನಿಯಪ್ಪ ಮುಖ ತಿರುಗಿಸಿಕೊಂಡ. ಅವ್ವ, "ಸಾಕು, ಬನ್ನಿ ಓಗುವ" ಎಂದು ಅಪ್ಪನ ತೋಳು ಹಿಡಿದಳು. ಅಪ್ಪನ ದನಿ ಅಪ್ಪನದು ಎಂದು ಲೋಕದಲ್ಲಿ ಯಾರೂ ನಂಬದ ಕಾಲ ಬಂತಲ್ಲ ಎಂದು ನನಗೆ ಅಳು ಬಂದು ನಿಂತಿತು.

"ದೂರದಿಂದ ಬಂದಿದ್ದೀರಿ, ಕೇಳ್ಕಂಡಾದ್ರೂ ಓಗಿ" ಎಂದು ಪಳನಿಯಪ್ಪ ಪೆಟ್ಟಿಗೆ ಹೊರಗೆ ತಂದು ಕೀಲಿ ತಿರುಗಿಸಿದ. ಅಕ್ಕಪಕ್ಕದವರು ಬಂದು ಕೂತರು. ಕೊಳಗ ಬಡಿಯಿತು, ಬುಲ್‌ಬುಲ್ ಕಿರುಚಿತು, ಅದರ ಮೇಲೆ ಎಳೆಯ, ತುಂಟ, ತುಂಬಿದ ಒಂದು ಗಂಡು ದನಿ ಬಂತು. ನಾನು ಕೇಳಿ ಬೆಳೆದ ದನಿಗಿಂತ ಅದು ಚಿಕ್ಕ ಪ್ರಾಯದ್ದು.

ನೇಕಾರನೊಬ್ಬ ಮೈಸೂರು ಸ್ಟೇಷನ್ನಿನಲ್ಲಿ ಕೊಳ್ಳೇಗಾಲಕ್ಕೆ ಟಿಕೀಟು ಕೇಳುತ್ತಾನೆ. ಅಲ್ಲಿಗೆ ರೈಲೇ ಇಲ್ಲ ಕಣಯ್ಯ, ಅನ್ನುತ್ತಾನೆ ಗುಮಾಸ್ತ. ರೈಲು ಬೇಡ ಸಾ, ಟಿಕೀಟು ಕೊಡಿ ಸಾ. ಕಂಬಿಯೇ ಹಾಕಿಲ್ಲ ಕಣಯ್ಯ. ಕಂಬಿ ಬೇಡ ಸಾ, ಟಿಕೀಟು ಕೊಡಿ ಸಾ. ಹೀಗೇ ಏರುತ್ತಾ ಹೋಗಿ ಕೊನೆಗೆ ಗುಮಾಸ್ತ, "ಮತ್ಯಾಕಯ್ಯಾ ನಿಂಗೆ ಟಿಕೀಟು?" ಎಂದು ಕೂಗುತ್ತಾನೆ. ಅಲ್ಲಿಗೆ ಪ್ಲೇಟು ಮುಗಿದು ಮುಳ್ಳು ಬರೀ ಕೆರೆಯುತ್ತದೆ.

"ಅಲ್ಲೇ ನೋಡಿ ನಿಂತೋಯ್ತದೆ" ಎಂದ ಪಳನಿಯಪ್ಪ. "ಅವ್ನು ಏನಂದ ಅಂತ ನಮ್ಮೂರ್ನಲ್ಲಿ ಜಗಳವೇ ಆಗದೆ. ಮಾವನ ಮನೇಲಿ ತೋರ್ಸಕೆ ಅಂತಾನೆ ಇವ್ನು. ನಾನು ಬೇರೆ ಅಂತೀನಿ."

ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯುವುದು ಮೂರು ನಿಮಿಷದ ಹಾಡು. ಅಪ್ಪನ ಹಾಡು ಅದಕ್ಕಿಂತ ಉದ್ದ. ಮದರಾಸಿನವರು ಅರ್ಧಕ್ಕೇ ಕೈ ಎತ್ತಿ ನಿಲ್ಲಿಸಿದ್ದರು. ಅಪ್ಪ ನನ್ನನ್ನು ಹತ್ತಿರ ಎಳೆದುಕೊಂಡು ಕಿವಿಗೆ ಬಾಯಿ ಹಚ್ಚಿದ. ಬಿಸಿ ಉಸಿರು, ಒಡೆದ ಪಿಸುಮಾತು. ಬೆನ್ನ ಮೇಲೆ ಬೆರಳಿನಲ್ಲಿ ತಾಳ ತಟ್ಟಿದ. ನಾನು ಎದ್ದು ನಿಂತು, ಅಷ್ಟು ಜನರ ಮುಂದೆ, ಅದೇ ಧಾಟಿಯಲ್ಲಿ ಹೇಳಿದೆ:

"ರೈಲು ಬರಲ್ಲ ಅಂತ ಊರೆಲ್ಲ ಅಳ್ತದೆ ಸಾ. ಟಿಕೀಟು ನನ್ ತಾವಿದ್ರೆ ರೈಲೇ ನನ್ನ ಉಡುಕ್ಕಂಡು ಬತ್ತದೆ ಸಾ."

ಪಳನಿಯಪ್ಪ ತೊಡೆ ತಟ್ಟಿಕೊಂಡು ನಗತೊಡಗಿದ. ನಗುತ್ತಲೇ ಅಪ್ಪನ ಎರಡೂ ಕೈ ಹಿಡಿದುಕೊಂಡ. "ನೀವೇ ಸಾಮಿ, ನೀವೇ. ಬೇರೆ ಯಾರ್ಗೂ ಬರಲ್ಲ ಇದು." ಪ್ಲೇಟನ್ನು ತೆಗೆದು ಅಪ್ಪನ ಮಡಿಲಲ್ಲಿಟ್ಟ.

ಅಪ್ಪ ಅದನ್ನು ಹಿಂದಕ್ಕೆ ತಳ್ಳಿದ. ನನ್ನ ಕಿವಿಯಲ್ಲಿ ಹೇಳಿದ್ದನ್ನು ನಾನೇ ಹೇಳಿದೆ. "ಕೊಯ್ಲು ಆಗ್ಲಂತೆ. ಆಮ್ಯಾಲೆ ಕೊಡಿ ಅಂತವ್ರೆ."

ರಾಮಾಪುರದ ಬಸ್ಸು ಬರುವ ಹೊತ್ತಿಗೆ ಅವ್ವ ತಡೆಯಲಾರದೆ, "ಕೈಗೆ ಬಂದಿದ್ದ ಅಂದಿಗೆ ಬುಟ್ಟು ಬಂದ್ರಿ" ಅಂದಳು.

ದೀಪಾವಳಿಗೆ ಅವ್ವ ಕಜ್ಜಾಯ ಮಾಡಿದಳು, ಅಪ್ಪನ ಗಂಟಲಿಗೆ ಇಳಿಯಲಿಲ್ಲ. ಆಸ್ಪತ್ರೆಗೆ ಹೊರಡುವ ಬೆಳಗ್ಗೆ ಅವನು ನನ್ನ ಹೆಸರು ಕರೆದ. ಸಾವೀ, ಅಂತ. ಸುಮ್ಮನೆ, ಕೆಲಸವೇನೂ ಇರಲಿಲ್ಲ. ಏನಪ್ಪಾ ಅಂದೆ. ಏನಿಲ್ಲ ಎಂದು ತಲೆಯಾಡಿಸಿ ಬಸ್ಸು ಹತ್ತಿದ.

ವಾಪಸು ಬಂದಾಗ ಕತ್ತಿನ ಬುಡದಲ್ಲಿ ಒಂದು ತೂತು, ಅದರ ಮೇಲೆ ತೆಳುವಾದ ಬಿಳಿ ಬಟ್ಟೆ. ತುಟಿ ಆಡುತ್ತಿತ್ತು, ಸದ್ದು ಇರಲಿಲ್ಲ. ನೂಲಿನ ವ್ಯಾಪಾರಿಗೆ, ಅಂಗಡಿಯವನಿಗೆ, ಕೊನೆಗೆ ಅವ್ವನಿಗೂ ಅವನ ತುಟಿ ಅರ್ಥವಾಗಲಿಲ್ಲ. ನನಗೆ ಆಗುತ್ತಿತ್ತು. ಹೇಗೆಂದು ಕೇಳಿದರೆ ಹೇಳಲಾರೆ.

ದೊಡ್ಡಪ್ಪ ನನ್ನ ಶಾಲೆ ಬಿಡಿಸುವ ಮಾತು ಎತ್ತಿದರು. ಅಪ್ಪ ಲಾಳಿ ನಿಲ್ಲಿಸಿ ತುಟಿ ಆಡಿಸಿದ.

"ಏನಂತಾನೆ?"

"ನಾನು ಶಾಲೆ ಬಿಡಂಗಿಲ್ವಂತೆ ದೊಡ್ಡಪ್ಪ."

ಅವರು ನನ್ನನ್ನೇ ದಿಟ್ಟಿಸಿದರು. "ಇದು ಅವನ ಮಾತೋ, ನಿನ್ ಮಾತೋ?"

ಅಪ್ಪ ಮತ್ತೆ ಏನೋ ಅಂದ. ನಾನು ತಲೆ ಬಗ್ಗಿಸಿ ಕಂಡಿಕೆ ಸುತ್ತತೊಡಗಿದೆ.

"ಯೇಳು."

"ನಮ್ಮಣ್ಣಂಗೆ ಮೊದ್ಲಿಂದ್ಲೂ ಕಿವಿ ಮಂದ, ಬುದ್ಧಿ ಅದಕ್ಕಿಂತ ಮಂದ ಅಂತವ್ರೆ."

ದೊಡ್ಡಪ್ಪ ಚಪ್ಪಲಿ ಮೆಟ್ಟಿಕೊಂಡರು. "ಇದು ಅವನದೇ" ಅನ್ನುತ್ತಾ ಹೋದರು. ಶಾಲೆಯ ಮಾತು ಮತ್ತೆ ಎತ್ತಲಿಲ್ಲ. ಓದು ಅದರಿಂದ ಸುಲಭವಾಯಿತು ಅಂತಲ್ಲ. ಕಂಡಿಕೆ ಸುತ್ತುತ್ತಲೇ ಹೈಸ್ಕೂಲು ಮುಗಿಸಿದೆ, ಇಂಗ್ಲಿಷಿನಲ್ಲಿ ಒಮ್ಮೆ ಫೇಲಾದೆ, ಮೈಸೂರಿನ ಹಾಸ್ಟೆಲಿನಲ್ಲಿ ನನ್ನ ಭಾಷೆಗೆ ನಕ್ಕವರ ನಡುವೆ ಬಾಯಿ ಬಿಡದೆ ಒಂದು ವರ್ಷ ಕಳೆದೆ.

ಕೊಯ್ಲು ಮುಗಿದ ಮೇಲೆ ಪಳನಿಯಪ್ಪ ಬಂದ, ರಾಗಿಹುಲ್ಲಿನಲ್ಲಿ ಸುತ್ತಿದ ಪ್ಲೇಟು ತಂದ. ಹೋಟೆಲಿನಲ್ಲಿ ಹಾಕಿಸಿದೆವು. ಆ ವರ್ಷದ ಹಂದಿಗಳು ಅದನ್ನು ಸವೆಸಿಬಿಟ್ಟಿದ್ದವು. ಬರೀ ಕರಕರ, ಹೊಳೆಯಾಚೆಯಿಂದ ಯಾರೋ ಕೂಗಿದ ಹಾಗೆ ಅಪ್ಪ. ನಾನು ಬಿಕ್ಕಿದೆ. ಅಪ್ಪ ಮಾತ್ರ ಹೋಟೆಲಿನ ಬೆಂಚಿನ ಮೇಲೆ ಕೂತು, ಮುಳ್ಳು ಕೆರೆದ ಕಡೆಯಲ್ಲೆಲ್ಲ ತುಟಿಯಲ್ಲಿ ಸಾಲು ತುಂಬಿಸುತ್ತಾ ಹೋದ. ಚಹಾ ಕುಡಿಯುತ್ತಿದ್ದವರು ಅವನ ಮುಖ ನೋಡಿಯೇ ನಕ್ಕರು.

ಈಗ ಆ ಬೀದಿಯಲ್ಲಿ ಕುಣಿಗಳನ್ನು ಮುಚ್ಚಿ ಮೊಸಾಯಿಕ್ ಹಾಕಿದ್ದಾರೆ. ಬುಲ್‌ಬುಲ್ ಅಂದರೆ ಹಕ್ಕಿ ಅಂದುಕೊಳ್ಳುತ್ತಾರೆ. ಪ್ಲೇಟು ನನ್ನ ಬೀರುವಿನಲ್ಲಿದೆ, ಹಾಕಲು ಪೆಟ್ಟಿಗೆಯಿಲ್ಲ, ಹಾಕಿದರೂ ಉಳಿದಿರುವುದು ಕೆರೆತ. ನಾನು ಹೆದರಿದ್ದೇ ಆಯಿತು. ಅಪ್ಪನ ಮುಖ, ಕೈ, ತುಟಿಯ ಮೂಲೆಯ ಮಡಿಕೆ ಎಲ್ಲ ನೆನಪಿದೆ. ದನಿ ಇಲ್ಲ. ಬಸ್ಸು ಹತ್ತುವ ಮುಂಚೆ ಕರೆದ ಆ ಹೆಸರೂ ಈಗ ನನ್ನದೇ ದನಿಯಲ್ಲಿ ಕೇಳುತ್ತದೆ. ದೊಡ್ಡಪ್ಪ ನನ್ನ ಡಿಗ್ರಿ ನೋಡುವ ಮೊದಲೇ ತೀರಿಕೊಂಡರು. ಅವರಿಗೆ ತೋರಿಸಬೇಕೆಂದಿದ್ದ ಹಟ ನನ್ನಲ್ಲೇ ಉಳಿಯಿತು.

ಬಿ.ಎ. ಸರ್ಟಿಫಿಕೇಟು ಕೈಗೆ ಬಂದ ದಿನ ಸಂಜೆ ಬಸ್ಸಿಗೆ ಊರಿಗೆ ಬಂದಿದ್ದೆ. ನಮ್ಮ ವಂಶದಲ್ಲಿ ಅಂಥ ಕಾಗದ ಹಿಡಿದವರಲ್ಲಿ ನಾನೇ ಮೊದಲು, ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಮಗ್ಗದಲ್ಲಿದ್ದ. ಕುಣಿಯಿಂದ ಮೇಲೆ ಬಂದು, ಪಂಚೆಗೆ ಕೈ ಒರೆಸಿಕೊಂಡು, ಕೊಟ್ಟದ್ದನ್ನು ಎರಡೂ ಅಂಗೈ ಮೇಲೆ ಇಟ್ಟುಕೊಂಡ. ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿ ತುಟಿ ಆಡಿಸಿದ, ನಿಧಾನವಾಗಿ, ಒಂದಕ್ಷರವೂ ತಪ್ಪದ ಹಾಗೆ.

"ಏನಂತವ್ರೆ?" ಎಂದಳು ಅವ್ವ, ಅಡಿಗೆ ಮನೆಯ ಬಾಗಿಲಲ್ಲಿ ನಿಂತು.

ನನ್ನಿಂದ ಹೇಳಲಾಗಲಿಲ್ಲ.

ಅವ್ವ ಹತ್ತಿರ ಬಂದಳು. "ಇಷ್ಟು ವರ್ಸ ಅವ್ರ ಮಾತ ಊರ್ಗೆಲ್ಲ ಯೇಳ್ಕಂಡು ತಿರುಗ್ದೆ, ಬೈಗುಳನೂ ಬುಡ್ನಿಲ್ಲ. ನಿನ್ನ ಬಗ್ಗೆ ಅಂದಿದ್ದ ಮಾತ್ರ ನುಂಗ್ಕಂಡ್ರೆ ಎಂಗವ್ವ? ಯೇಳು ಮಗ. ನಾನೂ ಕೇಳ್ಬೇಕು."