ಹೆಬ್ಬೆಟ್ಟು ಒತ್ತಿದ್ದನ್ನು ನೋಡದ ಸಾಕ್ಷಿ

ಓಬಳೇಶಪ್ಪ ತೀರಿಕೊಂಡು ಮೂರು ತಿಂಗಳಾಯಿತು. ಹಿಂದೂಪುರದ ಅವನ ಬೀದಿಯಲ್ಲಿ ಯಾರಾದರೂ ಒಂದು ಸುದ್ದಿಗೆ ಉಪ್ಪುಖಾರ ಹಚ್ಚಿ ಹೇಳತೊಡಗಿದರೆ ಕೇಳುವವರಿಗೆ ಈಗಲೂ ಅವನ ನೆನಪಾಗುತ್ತದೆ. ಅವನಿದ್ದಿದ್ದರೆ ಅಲ್ಲೇ ತಡೆದು, "ನೀನು ನೋಡಿದ್ದಾ, ಕೇಳಿದ್ದಾ?" ಎನ್ನುತ್ತಿದ್ದ. ಹೆಂಡತಿ ನಾರಮ್ಮನಿಗೆ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿತ್ತು. ಇವರ ಜೊತೆ ಮಾತಾಡುವುದಕ್ಕಿಂತ ಪೊಲೀಸರ ಎದುರು ಕೂರುವುದೇ ವಾಸಿ ಎಂದು ಅಕ್ಕಪಕ್ಕದವರ ಹತ್ತಿರ ನಗುತ್ತಿದ್ದಳು. ಈಗ ಆ ಮಾತು ಎತ್ತಿದರೆ ಸೆರಗು ಕಣ್ಣಿಗೆ ಹೋಗುತ್ತದೆ.

ಅವನದು ಮಗ್ಗಕ್ಕೆ ಹಾಸು, ಅಂದರೆ ಉದ್ದನೆಯ ಎಳೆಗಳನ್ನು, ಸೇರಿಸುವ ಕಸುಬು. ಮಗ್ಗದಲ್ಲಿ ಹಳೆಯ ಹಾಸು ಮುಗಿಯುತ್ತ ಬಂದಾಗ ಅದರ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆಯಬೇಕು. ರೇಷ್ಮೆ ಸೀರೆಯೆಂದರೆ ಸಾವಿರಾರು ಎಳೆ. ರೇಷ್ಮೆ ಜಾರದಿರಲೆಂದು ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಬೆನ್ನು ಬಗ್ಗಿಸಿ ದಿನವಿಡೀ ಕೂರುವ ಕೆಲಸ. ಈ ಕೈ ಪಳಗಿದವರು ಸುತ್ತಮುತ್ತ ಕಡಿಮೆಯಾಗಿದ್ದರಿಂದ ಅವನನ್ನು ಕಲ್ಯಾಣದುರ್ಗದವರೆಗೂ ಕರೆಸುತ್ತಿದ್ದರು. ಬೆಳಗಿನ ಬಸ್ಸು ಹಿಡಿದು ಹೋಗಿ, ಎರಡು ಮೂರು ದಿನ ಅಲ್ಲೇ ಉಳಿದು ಬರುತ್ತಿದ್ದ.

ಕಲ್ಯಾಣದುರ್ಗದಲ್ಲಿ ಅವನು ಉಣ್ಣುತ್ತಿದ್ದುದು, ಮಲಗುತ್ತಿದ್ದುದು ಪದ್ಮಾವತಮ್ಮನ ಮನೆಯಲ್ಲಿ. ಆಕೆ ಗಂಡ ಸತ್ತ ಮೇಲೆ ಮಗ್ಗ ನಡೆಸಿ, ತನ್ನ ದುಡಿಮೆಯಲ್ಲಿ ತನ್ನ ಹೆಸರಿಗೇ ಆ ಮನೆ ಕೊಂಡವರು. ಮಗ ಉಮಾಶಂಕರ್ ಸೀರೆ ವ್ಯಾಪಾರಕ್ಕಿಳಿದು, ಹತ್ತು ಹನ್ನೆರಡು ಮಗ್ಗಗಳಿಗೆ ರೇಷ್ಮೆ ಕೊಟ್ಟು ನೇಯಿಸುವಷ್ಟು ಬೆಳೆದಿದ್ದ; ಬೇರೆ ಮನೆ ಮಾಡಿದ್ದ. ಮಗಳು ಧನಲಕ್ಷ್ಮಿ ಗಂಡನನ್ನು ಬಿಟ್ಟು ಬಂದು ತಾಯಿಯ ಗುಂಡಿ ಮಗ್ಗದಲ್ಲೇ ಕೂತವಳು. ಓಬಳೇಶಪ್ಪನಿಗೆ ಕಲ್ಯಾಣದುರ್ಗದಲ್ಲಿ ಸಿಗುತ್ತಿದ್ದ ಕೆಲಸದಲ್ಲಿ ಮುಕ್ಕಾಲು ಪಾಲು ಉಮಾಶಂಕರನದೇ.

ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವನು ಧನಲಕ್ಷ್ಮಿಯ ಮಗ್ಗದಲ್ಲಿ ಹಾಸು ಸೇರಿಸುತ್ತಿದ್ದಾಗ ಪದ್ಮಾವತಮ್ಮ ಪತ್ರ ಬರೆಯುವವರನ್ನು ಮನೆಗೇ ಕರೆಸಿದರು. ಪಕ್ಕದ ಮನೆಯ ಉಜ್ಜಿನಪ್ಪ ಬಂದು ಕೂತ. ಮನೆ ತನ್ನ ನಂತರ ಮಗಳಿಗೆ ಎಂದು ವೀಲುನಾಮೆ ಬರೆದಾಯಿತು. ಎರಡನೆಯ ಸಾಕ್ಷಿಯಾಗಿ ನೀನೂ ಸೈನು ಹಾಕು ಬಾ ಎಂದು ಓಬಳೇಶಪ್ಪನನ್ನು ಕೂಗಿದರು. ಹಿಡಿದ ಎಳೆಗಳನ್ನು ನಡುವೆ ಬಿಟ್ಟು ಏಳುವಂತಿಲ್ಲ. ಅವನ್ನು ಮುಗಿಸಿದ. ಬೂದಿ ಕೈಯಲ್ಲಿ ಪತ್ರ ಮುಟ್ಟಬಾರದೆಂದು ಹಿತ್ತಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದ. ಒಳಗೆ ಬರುವಷ್ಟರಲ್ಲಿ ಪದ್ಮಾವತಮ್ಮ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತಿದ್ದರು. ಅವನನ್ನು ಕಂಡು ಬೆರಳು ತೋರಿಸಿ ನಾಲ್ಕು ಮಾತಾಡಿದರು. ಉಜ್ಜಿನಪ್ಪ ಅವನೆದುರಿಗೇ ಸೈನು ಹಾಕಿದ, ಅವನ ಕೆಳಗೆ ಇವನೂ ಹಾಕಿದ. ಮತ್ತೆ ಮಗ್ಗದ ಮುಂದೆ ಹೋಗಿ ಕೂತ.

ಆಮೇಲೆ ಪದ್ಮಾವತಮ್ಮ ತೀರಿಕೊಂಡರು. ಅವರ ಹಿಂದೆಯೇ ಉಜ್ಜಿನಪ್ಪನೂ ಹೋದ, ಪತ್ರ ಬರೆದವರೂ ಹೋದರು. ಉಮಾಶಂಕರ್ ಕೋರ್ಟಿಗೆ ಹಾಕಿದ. ವೀಲುನಾಮೆ ಸುಳ್ಳು, ಅಮ್ಮನಿಗೆ ಮೈಮೇಲೆ ಎಚ್ಚರವಿಲ್ಲದಾಗ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆ, ಮನೆಯಲ್ಲಿ ತನಗೆ ಅರ್ಧ ಬರಬೇಕು ಎಂದು. ಕೋರ್ಟಿನಲ್ಲಿ ದೃಢೀಕರಿಸಿ ಪ್ರೊಬೇಟ್ ಮಾಡಿಸಿಲ್ಲ, ಆ ಕಾಗದಕ್ಕೆ ಬೆಲೆಯೇ ಇಲ್ಲ ಎಂದು ಯಾರೋ ಧನಲಕ್ಷ್ಮಿಯನ್ನು ಹೆದರಿಸಿದ್ದರು. ಅವಳ ವಕೀಲ ದಯಾನಂದ್ ಆ ಭಯ ಬಿಡಿಸಿದ. ಈ ಕಡೆಯ ಊರುಗಳಲ್ಲಿ ಪ್ರೊಬೇಟ್ ಕಡ್ಡಾಯವಲ್ಲ, ರಿಜಿಸ್ಟರ್ ಆಗಿಲ್ಲದಿದ್ದರೂ ನಡೆಯುತ್ತದೆ. ಆದರೆ ಸೈನು ಹಾಕಿದ ಸಾಕ್ಷಿಗಳಲ್ಲಿ ಒಬ್ಬನಾದರೂ ಬಂದು ಹೇಳಲೇಬೇಕು. ಉಳಿದವನು ಓಬಳೇಶಪ್ಪ ಒಬ್ಬನೇ. ಅವನ ಮಾತು ಬಿದ್ದರೆ ಮನೆ ಎರಡು ಪಾಲಾಗುತ್ತದೆ, ಇಲ್ಲವೇ ಮಾರಾಟವಾಗುತ್ತದೆ. ನೆಲ ಅಗೆದು ಹೂಡಿದ ಗುಂಡಿ ಮಗ್ಗವನ್ನು ಹೊತ್ತುಕೊಂಡು ಬಾಡಿಗೆ ಮನೆಗೆ ಹೋಗಲು ಬರುವುದಿಲ್ಲ.

ದಯಾನಂದ್ ಹೇಳಿಕೆಯನ್ನು ಟೈಪು ಮಾಡಿಸಿಟ್ಟಿದ್ದ. ಇಂಥ ಕೇಸುಗಳಲ್ಲಿ ಎಂದಿನಿಂದಲೂ ಬರೆಯುವ ಸಾಲು ಅದರಲ್ಲಿತ್ತು: ಪದ್ಮಾವತಮ್ಮ ಹೆಬ್ಬೆಟ್ಟು ಒತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಓಬಳೇಶಪ್ಪ ಕನ್ನಡಕ ಏರಿಸಿ ಎರಡು ಸಲ ಓದಿಕೊಂಡ. ಪೆನ್ನು ಕೆಳಗಿಟ್ಟ.

"ಇದು ನಾನು ನೋಡಿಲ್ಲ ಸಾರ್. ಕೈ ತೊಳೀತಿದ್ದೆ."

ಧನಲಕ್ಷ್ಮಿಯ ಮುಖ ಬಿಳುಚಿತು. ಅಷ್ಟು ದಿನ ಅಣ್ಣಾ ಎನ್ನುತ್ತಿದ್ದವಳು ಅವತ್ತು ಬಾಯಿಗೆ ಬಂದದ್ದು ಅಂದಳು. "ಸೋಪು ಹಾಕಿ ಕೈ ತೊಳ್ಕೊಂಡ ಮಾರಾಯ ನೀನು. ನಿನ್ನ ಸತ್ಯ ನಿಲ್ಲಾಕೆ ನನ್ನ ಸೂರೇ ಬೇಕಿತ್ತಾ?"

ಅವನು ತಲೆ ತಗ್ಗಿಸಿ, "ಬೈಯಮ್ಮ. ಸೈನು ಹಾಕಿರೋದು ನಾನೇ ಅಂತೀನಿ, ಅದ್ರಿಂದ ಯಾವತ್ತೂ ಹಿಂದಕ್ಕೆ ಹೋಗಾಕಿಲ್ಲ. ನೋಡ್ದೆ ಅಂತ ಮಾತ್ರ ಅನ್ನಾಕಾಗಲ್ಲ ಕಣಮ್ಮ. ಒಂದು ಎಳೆ ಅಡ್ಡ ಬಿದ್ರೆ ಸೀರೆ ಉದ್ದಕ್ಕೂ ಕಾಣ್ತೈತೆ. ಅವರ ಕಡೆ ಲಾಯರು ಅಲ್ಲೇ ಹಿಡೀತಾನೆ" ಎಂದ.

ದಯಾನಂದ್‌ಗೆ ರೇಗಿತ್ತು. ಆದರೂ, ಹಾಗಾದರೆ ಅವತ್ತು ನಡೆದದ್ದೇನು, ಮೊದಲಿನಿಂದ ಹೇಳು ಎಂದ. ಕೇಳುತ್ತ ಕೇಳುತ್ತ ಬೀರುವಿನಿಂದ ಒಂದು ಪುಸ್ತಕ ಎಳೆದ. ಸಾಕ್ಷಿ ಕಣ್ಣಾರೆ ನೋಡಿರಲೇಬೇಕೆಂದಿಲ್ಲ; ಬರೆಸಿದವರೇ ಇದು ನನ್ನ ಗುರುತು ಎಂದು ಸಾಕ್ಷಿಯ ಮುಂದೆ ಒಪ್ಪಿಕೊಂಡಿದ್ದರೂ ಕಾನೂನಿಗೆ ಸಾಕು. ನಿಲ್ಲಬಹುದು, ಆದರೆ ದಾರಿ ಕಿರಿದು ಎಂದ. ನೋಡಿದೆ ಎಂದುಬಿಟ್ಟರೆ ಸಲೀಸು ಎಂದೂ ಸೇರಿಸಿದ. ಓಬಳೇಶಪ್ಪ ಪೆನ್ನು ಮುಟ್ಟಲಿಲ್ಲ. ಧನಲಕ್ಷ್ಮಿ ಕಿಟಕಿಯ ಕಡೆ ನೋಡುತ್ತಲೇ, "ಅವನಿಗೆ ತಿಳಿದದ್ದೇ ಬರೀರಿ ಸಾರ್. ಸುಳ್ಳು ಹೇಳೋಕೆ ಕೂತ್ರೆ ಇವನ ಬಾಯಿ ಒಣಗೋಯ್ತದೆ, ಅಲ್ಲೇ ಸಿಕ್ಕಾಕ್ಕಂತಾನೆ" ಎಂದಳು.

ಆ ತಿಂಗಳು ಉಮಾಶಂಕರನಿಂದ ಕೆಲಸದ ಕರೆ ಬರಲಿಲ್ಲ. ಒಂದು ಸಲ ಮಾತ್ರ ಫೋನು ಬಂತು. ನಿನಗೆ ನಾನೇನೂ ಹೇಳಿಕೊಡಲ್ಲ ಓಬಳೇಶಪ್ಪ, ನಿಜ ಹೇಳು ಸಾಕು ಎಂದು ಇಟ್ಟುಬಿಟ್ಟ. ನಾರಮ್ಮನಿಗೆ ಅಳುಕಾಯಿತು. ಅವಳ ಗಂಡ, ಅವನು ಕೇಳಿದ್ದರಲ್ಲಿ ತಪ್ಪೇನೈತೆ ಎಂದ.

ಕಲ್ಯಾಣದುರ್ಗದ ಕೋರ್ಟಿನಲ್ಲಿ ಉಮಾಶಂಕರನ ಪರ ವಕೀಲರು ತೆಲುಗಿನಲ್ಲಿ ಕೇಳಿದರು, ಹೆಬ್ಬೆಟ್ಟು ಒತ್ತುವಾಗ ನೋಡಿದೆಯಾ ಎಂದು. "ಚೂಡಲೇದು ಸಾರ್," ನೋಡಲಿಲ್ಲ, ಎಂದ. ವಕೀಲರಿಗೆ ಹುರುಪು ಬಂತು. ಹಾಗಾದರೆ ಆಕೆ ಪ್ರಜ್ಞೆ ತಪ್ಪಿ ಮಲಗಿದ್ದಾಗ ಯಾರೋ ಬೆರಳು ಹಿಡಿದು ಒತ್ತಿಸಿರಬಹುದಲ್ಲವೇ? ಪ್ರಜ್ಞೆ ತಪ್ಪಿದವರು ನನ್ನ ಜೊತೆ ಹೇಗೆ ಮಾತಾಡಿದರು ಎಂದ ಓಬಳೇಶಪ್ಪ. ಏನು ಮಹಾ ಮಾತಾಡಿದರು, ಪೂರ್ತಿ ಹೇಳು ನೋಡೋಣ ಎಂದರು ವಕೀಲರು.

ಅವನು ಜಡ್ಜರ ಕಡೆ ತಿರುಗಿ ಕೇಳಿದ, ಆಯಮ್ಮ ಆಡಿದ್ದು ಕನ್ನಡದಲ್ಲಿ, ಹಾಗೇ ಹೇಳಲೇ ಎಂದು. ಅವರು ಹೂಂ ಎಂದರು.

"ನಾನೇ ಒತ್ತಿವ್ನಿ ಕಣಪ್ಪ, ನನ್ನ ಹೆಬ್ಬೆಟ್ಟೇ ಇದು, ನೀನೂ ಹಾಕು, ಅಂದ್ರು. ಆಮೇಲೆ, ಮಗನಿಗೆ ಮೋಸ ಮಾಡಾಕೆ ಅವನ ಬೆನ್ನ ಹಿಂದೆ ಬರೆಸ್ಲಿಲ್ಲ, ಅವನು ಎದುರಿಗೆ ಕೂತ್ರೆ ಅವನ ಮುಖ ನೋಡ್ಕಂಡು ನನ್ನ ಕೈ ಏಳಾಕಿಲ್ಲ, ಅದಕ್ಕೇ ಕರೀಲಿಲ್ಲ, ಅಂದ್ರು. ಅವನು ಎಲ್ಲಿ ಕೂತ್ರೂ ದುಡ್ಕಂತಾನೆ, ಇವಳ ಮಗ್ಗ ಈ ಗುಂಡಿ ಬಿಟ್ರೆ ಎಲ್ಲಿ ನಿಲ್ತೈತೆ, ಅಂದ್ರು. ಅಷ್ಟೇ ಸಾರ್. ನಾನು ಸೈನು ಹಾಕ್ದೆ."

ವಕೀಲರು ಮುಂದೆ ಒಂದೆರಡು ಪ್ರಶ್ನೆ ಕೇಳಿ ಕೂತರು. ನೋಡಿದೆ ಎಂಬ ಒಂದೇ ಪದದ ಉತ್ತರವಾಗಿದ್ದರೆ ಈ ಮಾತುಗಳು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿದ್ದ ಉಮಾಶಂಕರ್ ಎದ್ದು ಹೊರಗೆ ಹೋದ. ಓಬಳೇಶಪ್ಪ ಕೆಳಗಿಳಿದು ಬಂದಾಗ ಅವನು ಬೇವಿನ ಮರದ ಹತ್ತಿರ ನಿಂತಿದ್ದ.

"ಅಮ್ಮ ಹಂಗಂದಿದ್ದು ನಿಜವಾ?"

"ಇದು ನಾನು ಕೇಳಿದ್ದು ಕಣಪ್ಪ, ಈ ಕಿವೀಲಿ."

ಉಮಾಶಂಕರ್ ಕರ್ಚೀಫು ತೆಗೆದು ಮುಖ ಒರೆಸಿಕೊಂಡು ಸ್ಕೂಟರಿನ ಕಡೆ ನಡೆದ.

ಐದು ತಿಂಗಳಾದ ಮೇಲೆ ವೀಲುನಾಮೆ ಎತ್ತಿಹಿಡಿದು ತೀರ್ಪು ಬಂತು. ಉಮಾಶಂಕರ್ ಮೇಲಿನ ಕೋರ್ಟಿಗೆ ಹೋಗುತ್ತಾನೆ ಎಂದು ಎಲ್ಲರೂ ಅಂದುಕೊಂಡರು. ಗಡುವು ಮುಗಿಯಿತು, ಹೋಗಲಿಲ್ಲ. ಹಾಗೆಂದು ತಂಗಿಯ ಮನೆಯ ಹೊಸಿಲನ್ನೂ ತುಳಿಯಲಿಲ್ಲ. ಓಬಳೇಶಪ್ಪನಿಗೆ ಕಲ್ಯಾಣದುರ್ಗದ ಕೆಲಸ ನಿಂತೇಹೋಗಿತ್ತು. ಹಿಂದೂಪುರದಲ್ಲೇ ಸಿಕ್ಕ ಮಗ್ಗಗಳಲ್ಲಿ ಕೂತು, ರಾಗಿಮುದ್ದೆಗೆ ತೊಂದರೆಯಿಲ್ಲ ಎನ್ನುತ್ತ ದಿನ ತಳ್ಳಿದ. ಹಾಗೆ ಸಾಕ್ಷಿ ಹೇಳಿದ್ದಕ್ಕೆ ಅವನು ಒಂದು ದಿನವೂ ಬೇಸರಪಟ್ಟದ್ದನ್ನು ನಾರಮ್ಮ ಕಾಣಳು.

ಕಳೆದ ಯುಗಾದಿಯಾದ ವಾರಕ್ಕೆ ಫೋನು ಬಂತು. ಉಮಾಶಂಕರ್. ನಮಸ್ಕಾರವಿಲ್ಲ, ಕ್ಷೇಮ ಸಮಾಚಾರವಿಲ್ಲ.

"ಹೊಸ ಹಾಸು ಐತೆ, ಸೇರಿಸಬೇಕು. ನಾಳೆ ಬತ್ತೀಯಾ?"

"ಬತ್ತೀನಿ. ಯಾರ ಮಗ್ಗಕ್ಕೆ?"

"ಧನಲಕ್ಷ್ಮಿ ಮಗ್ಗಕ್ಕೆ. ರೇಷ್ಮೆ ನಂದೇ. ಅವಳ ಕೈ ನೇಯ್ಗೆ ಬೇರೆಯವರಿಗೆ ಬರಾಕಿಲ್ಲ, ಗಿರಾಕಿ ಕೇಳ್ತಾವ್ರೆ," ಎಂದು ವ್ಯಾಪಾರದ ದನಿಯಲ್ಲಿ ಹೇಳಿದ. "ಮಧ್ಯಾಹ್ನ ಊಟಕ್ಕೆ ನಾನೂ ಅಲ್ಲೇ ಇರ್ತೀನಿ."

ಓಬಳೇಶಪ್ಪ ಫೋನಿಟ್ಟು, ಬೆಳಗಿನ ಬಸ್ಸಿಗೆ ಎಬ್ಬಿಸು ಎಂದು ನಾರಮ್ಮನಿಗೆ ಹೇಳಿದ. ಅಣ್ಣತಂಗಿ ಒಂದಾದರಾ ಎಂದು ಅವಳು ಕೇಳಿದಳು. ಅದು ಇನ್ನೂ ನೋಡಿಲ್ಲ, ನಾಳೆ ನೋಡಿ ಬಂದು ಹೇಳ್ತೀನಿ ಎಂದ.