ಕೆಂಡ ಇಟ್ಟ ಕೋಣೆ

ಸಂಜೆ ನಾಲ್ಕೂ ನಲವತ್ತಕ್ಕೆ ಬಾಗಿಲ ಗಾಜಿನಿಂದ ಒಳಗೆ ನೋಡಿದೆ. ಗಾರೆ ಕೆಲಸದ ಅಕ್ಕ ಗೋಡೆಗೊರಗಿ ಕೂತಿದ್ದಳು. ಮುಂದೆ ಬಾಂಡ್ಲಿಯಲ್ಲಿ ಕೆಂಡ. ನಿದ್ದೆ ಹತ್ತಿರಬೇಕು ಅಂದುಕೊಂಡು ದಾಟಿ ಹೋದೆ. ಹಾಗೆ ದಾಟಿ ಹೋದದ್ದು ಈಗಲೂ ಆಗಾಗ ಕಣ್ಣಮುಂದೆ ಬರುತ್ತದೆ.

ಜೀರಹಳ್ಳಿಯ ದಾರಿಯಲ್ಲಿ ನಾವು ಕಟ್ಟುತ್ತಿದ್ದದ್ದು ರಕ್ತ, ಕಫ ಪರೀಕ್ಷಿಸುವ ಸಣ್ಣ ಲ್ಯಾಬು. ನಕ್ಷೆ ನನ್ನದು. ಹಸಿರು ಕಟ್ಟಡದ ಸರ್ಟಿಫಿಕೇಟಿಗಾಗಿ ಮಣ್ಣಿನ ಇಟ್ಟಿಗೆ, ಸುಣ್ಣದ ಗಾರೆ, ತಾರಸಿಯ ಮೇಲೆ ಸೋಲಾರು. ಕಿಟಕಿಗಳೆಲ್ಲ ಬೆಟ್ಟದ ಗಾಳಿ ಬರುವ ಕಡೆಗೆ. ಕ್ಷಯದ ಕಫ ನೋಡುವ ಕೋಣೆ ಮಾತ್ರ ಬೇರೆ. ಅಲ್ಲಿನ ಗಾಳಿ ಹೊರಗಿನವರಿಗೆ ಸೋಕಬಾರದು. ಅದಕ್ಕೆ ಕಿಟಕಿಯಿಲ್ಲ, ಬಾಗಿಲ ಸುತ್ತ ರಬ್ಬರ್ ಪಟ್ಟಿ, ಗಾಳಿಯನ್ನು ಸೋಸಿ ಹೊರಹಾಕಲು ಮೇಲೊಂದು ಫ್ಯಾನು. ಫ್ಯಾನಿಗೆ ಇನ್ನೂ ವೈರು ಎಳೆದಿರಲಿಲ್ಲ, ಅದರ ಬಾಯಿ ಮುಚ್ಚಿಯೇ ಇತ್ತು.

ಚಳಿಗೆ ಆ ಕೋಣೆಯ ಗಾರೆ ಒಣಗುತ್ತಿರಲಿಲ್ಲ. ಸರ್ಟಿಫಿಕೇಟಿನವರು ನೋಡಲು ಬರುವ ದಿನ ಹತ್ತಿರವಾಗಿತ್ತು. ಅಕ್ಕ ಬಾಣಂತಿ ಕೋಣೆಗೆ ಮಾಡುವಂತೆಯೇ ಮಾಡಿದ್ದಳು. ಕೆಂಡ ಇಟ್ಟು, ಗೋಡೆಯಲ್ಲಿ ಪೈಪಿಗೆಂದು ಬಿಟ್ಟಿದ್ದ ತೂತಿಗೆ ಗೋಣಿಚೀಲ ತುರುಕಿ, ಬಾಗಿಲೆಳೆದುಕೊಂಡು ಕೈ ಕಾಯಿಸುತ್ತ ಕೂತಿದ್ದಳು. ನಮ್ಮ ಹೆಂಚಿನ ಮನೆಗಳಲ್ಲಿ ಎಷ್ಟು ಮುಚ್ಚಿದರೂ ಹೆಂಚಿನ ಸಂದಿಯಲ್ಲಿ ಗಾಳಿಯಾಡುತ್ತದೆ. ನಾನು ಹುಟ್ಟಿದಾಗ ನಮ್ಮವ್ವನೂ ಅಂಥ ಕೋಣೆಯಲ್ಲೇ ಮಲಗಿದ್ದಳಂತೆ. ಈ ಕೋಣೆಯಲ್ಲಿ ಸಂದಿಯೇ ಇರಲಿಲ್ಲ. ಕೆಂಡದಿಂದ ಏಳುವ, ವಾಸನೆಯೇ ಇಲ್ಲದ ವಿಷಗಾಳಿ ಅಲ್ಲೇ ತುಂಬಿಕೊಂಡಿತ್ತು.

ಯಾಕೋ ತಿರುಗಿ ಬಂದು ಬಾಗಿಲು ತಟ್ಟಿದೆ. ಅವಳು ಅಲುಗಲಿಲ್ಲ. ಉಸಿರು ಬಿಗಿಹಿಡಿದು ನುಗ್ಗಿ, ಕಂಕುಳಿಗೆ ಕೈ ಹಾಕಿ ಹೊರಗೆಳೆದೆ. ನನ್ನ ಕೂಗಿಗೆ, ಅಲ್ಲೇ ಕೆಲಸದಲ್ಲಿದ್ದ ಅವಳ ಗಂಡ ಓಡಿ ಬಂದ. ಇಟ್ಟಿಗೆ ತಂದಿದ್ದ ಗಾಡಿಯಲ್ಲೇ ಮಲಗಿಸಿ ತಾಳವಾಡಿಯ ಆಸ್ಪತ್ರೆಗೆ ಕರೆದೊಯ್ದೆವು. ದಾರಿಯುದ್ದಕ್ಕೂ ಅವನು ಅವಳನ್ನು ಬಯ್ಯುತ್ತಲೇ ಇದ್ದ. ಆಕ್ಸಿಜನ್ ಹಾಕಿದರು. ಅವಳು ಕಣ್ಣು ಬಿಟ್ಟ ಮೇಲೆ ಅವನು ಅವಳ ಪಾದಕ್ಕೆ ಅಂಟಿದ್ದ ಗಾರೆಯನ್ನು ಉಗುರಿನಿಂದ ಕೆರೆದು ತೆಗೆಯುತ್ತ ಕೂತ.

ಅವಳು ಹುಷಾರಾಗಿ ಮನೆಗೆ ಹೋದಳು. ನನಗೆ ಮಾತ್ರ ರಾತ್ರಿ ನಿದ್ದೆ ಬರದಾಯಿತು. ಎದ್ದೆದ್ದು ಮನೆಯ ಕಿಟಕಿ ತೆಗೆದಿದೆಯೇ ಎಂದು ನೋಡುತ್ತಿದ್ದೆ. ಹಗಲು ನಕ್ಷೆ ತಿದ್ದುತ್ತಿದ್ದೆ. ಒಳಕ್ಕೆ ಮಾತ್ರ ಗಾಳಿ ಬಿಡುವ, ಚೀಲ ತುರುಕಲಾಗದ ಜಾಲರಿ. ಕರೆಂಟು ಹೋದರೂ ಬ್ಯಾಟರಿಯಿಂದ ಓಡುವ ಫ್ಯಾನು. ಅದೂ ನಿಂತರೆ ಕೂಗುವ ಗಂಟೆ. ಫ್ಯಾನು ಸದಾ ಓಡಿ ಕರೆಂಟು ತಿಂದರೆ ಸರ್ಟಿಫಿಕೇಟಿನ ಅಂಕ ಕಡಿಮೆಯಾಗುತ್ತದೆಂದು, ಅದನ್ನು ಕೊಡಿಸಲು ಗೊತ್ತುಮಾಡಿದ್ದ ಸಲಹೆಗಾರರು ಫೋನಿನಲ್ಲಿ ಎಚ್ಚರಿಸಿದರು. ಆಗಲಿ ಎಂದೆ.

ವೈರು ಎಳೆದ ಮೇಲೆ ಯಾರಾದರೂ ಒಳಗೆ ನಿಂತು, ಬಾಗಿಲು ಹಾಕಿಸಿಕೊಂಡು, ಗಾಳಿ ಎತ್ತ ಹೋಗುತ್ತದೆಂದು ಊದಿನಕಡ್ಡಿ ಹಚ್ಚಿ ನೋಡಬೇಕಿತ್ತು. ಬೇರೆಯವರನ್ನು ಕಳಿಸಲು ನನಗೆ ಮನಸ್ಸಾಗಲಿಲ್ಲ. ಬಾಗಿಲವರೆಗೆ ಹೋಗಿ, ಕಡ್ಡಿ ಹಿಡಿದು ಹೊಸ್ತಿಲಲ್ಲೇ ನಿಂತುಬಿಟ್ಟೆ. ಕೆಲಸಕ್ಕೆ ಮರಳಿದ್ದ ಅಕ್ಕ ನೋಡುತ್ತಿದ್ದಳು.

"ಯಾಕವ್ವ, ನಾನು ದೆವ್ವ ಆಗಿ ಅಲ್ಲೇ ಕೂತಿವ್ನಿ ಅಂದ್ಕಂಡ್ಯಾ?"

"ಅಕ್ಕ, ನನ್ನ ಬುಟ್ಟು ಎಲ್ಲೂ ಓಗ್ಬೇಡ."

"ನಾ ಎಲ್ಲಿಗ್ ಓದೇನು? ಓಗು, ಇಲ್ಲೇ ನಿಂತಿರ್ತೀನಿ ಕಣವ್ವ."

ಬಾಗಿಲು ಮುಚ್ಚಿತು. ಕಡ್ಡಿ ಹಚ್ಚಿದೆ. ಹೊಗೆ ನನ್ನ ಮುಖದ ಮುಂದೆ ಸ್ವಲ್ಪ ಹೊತ್ತು ಸುಳಿದಾಡಿತು. ಆಮೇಲೆ ಎಳೆಯಾಗಿ ನೆಟ್ಟಗೆ ಫ್ಯಾನಿನ ಕಡೆ ಸಾಗಿತು. ಹೊರಗಿನಿಂದ ಅಕ್ಕ ಬಾಗಿಲು ಬಡಿದು ಬಡಿದು, ಇದ್ದೀಯಾ ಎಂದು ಕೇಳುತ್ತಲೇ ಇದ್ದಳು. ಪ್ರತಿ ಸಲವೂ ಇದ್ದೇನೆ ಎಂದೆ. ಕಡ್ಡಿ ಮುಗಿಯುವವರೆಗೂ ಒಳಗೇ ನಿಂತೆ.

ಅವತ್ತು ರಾತ್ರಿ ಉಂಡು ಮಲಗಿದ ನನಗೆ ಎಚ್ಚರವಾದಾಗ ಅಂಗಳದ ತುಂಬ ಬಿಸಿಲಿತ್ತು.