ಅಪ್ಪನ ಹುಟ್ಟುಹಬ್ಬಕ್ಕೆ ಕಂಬಳಿ ಗುಡಾರ

ಮಳೆಯಲ್ಲಿ ನೆನೆದ ಕಂಬಳಿಯ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಹಸಿವಾಗುತ್ತದೆ. ನಾನು ಬೆಳೆದ ಮನೆಗೆ ಗೋಡೆಗಳಿರಲಿಲ್ಲ. ನಾಲ್ಕು ಕೋಲುಗಳ ಮೇಲೆ ಹೊದಿಸಿದ ಕರಿ ಕಂಬಳಿಯೇ ಮನೆ. ಅಪ್ಪ ಕುರಿಗಾರ. ಇಂಡಿ ಕಡೆಯ ನಿಂಬೆ ತೋಟಗಳ ಬದುವಿನಿಂದ ಮುದ್ದೇಬಿಹಾಳದ ಎರೆ ಹೊಲಗಳವರೆಗೆ ನಮ್ಮ ಗುಡಾರ ಕುರಿಗಳ ಹಿಂದೆಯೇ ತಿರುಗುತ್ತಿತ್ತು. ಕುರಿ ತಂಗಿದ ಹೊಲಕ್ಕೆ ಗೊಬ್ಬರ, ನಮಗೆ ಆ ಹೊಲದವರ ಜೋಳ. ಅವ್ವ ಮೂರು ಕಲ್ಲು ಹೂಡಿ ರೊಟ್ಟಿ ಬಡಿಯುವಳು. ನಾನು ಮರಿಗಳ ನಡುವೆ ಕೂತು ಬಿಸಿ ರೊಟ್ಟಿಯನ್ನು ಆಡಿನ ಹಾಲಿಗೆ ಮುರಿದು ಹಾಕಿಕೊಂಡು ತಿನ್ನುತ್ತಿದ್ದೆ. ಆ ರುಚಿ ಮತ್ತೆ ಸಿಗಲಿಲ್ಲ. ನೀವೂ ಅಂಥದ್ದೇನನ್ನೋ ಕಳೆದುಕೊಂಡಿದ್ದರೆ ನನ್ನ ಸಂಕಟ ನಿಮಗೆ ತಿಳಿದೀತು. ಅವ್ವ ತೀರಿಕೊಂಡ ಮೇಲೆ ಕುರಿಗಳನ್ನು ಮಾರಿದೆವು. ಗುಡಾರದ ಕೋಲುಗಳು ಎಲ್ಲಿ ಹೋದವೋ, ಯಾರೂ ಕೇಳಲಿಲ್ಲ.

ಅಪ್ಪ ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ಆಧಾರ್ ಕಾರ್ಡಿನಲ್ಲಿ ಜನವರಿ ಒಂದು ಅಂತಿದೆ. ಅದನ್ನೇ ನಂಬಿ ಈ ಸಲ ಮುತ್ಯಾನ ಹುಟ್ಟುಹಬ್ಬಕ್ಕೆ ಹೊರಗೆ ಉಣ್ಣಬೇಕೆಂದು ನನ್ನ ಮಗಳು ಹಟ ಹಿಡಿದಳು. ಹೆದ್ದಾರಿ ಪಕ್ಕದ ಥೀಮ್ ಪಾರ್ಕಿನಲ್ಲಿ ಎರಡು ಹೋಟೆಲುಗಳಿದ್ದವು: ಒಂದು ಗಾಜಿನ ಅರಮನೆ, ಇನ್ನೊಂದು ಕುರಿಗಾರರ ಹಟ್ಟಿ. ಮಗಳಿಗೆ ಅರಮನೆ ಬೇಕು. ನನಗೆ ಮಾತ್ರ ನಾಲ್ಕು ದಿನ ತಲೆಯೇ ಓಡಲಿಲ್ಲ. ಅರಮನೆಯಲ್ಲಿ ಅಪ್ಪ ಮುದುಡಿ ಕೂತರೆ? ಹಟ್ಟಿ ಕಂಡು ಅತ್ತುಬಿಟ್ಟರೆ? ನಮ್ಮ ಬದುಕನ್ನು ಆಟ ಮಾಡಿದ್ದಾರೆಂದು ನೊಂದರೆ? ಅವನನ್ನೇ ಕೇಳಿದರೆ, ನಿಮಗೆ ಸೇರಿದಲ್ಲಿ ಹೋಗೋಣ ಅಂದ. ಕೊನೆಗೆ ನನ್ನ ಆಸೆಯೇ ಗೆದ್ದು, ಹಟ್ಟಿ ಅಂದೆ.

ಅಲ್ಲಿ ಸಿಮೆಂಟಿನ ಕುರಿಗಳೆಲ್ಲ ಫೋಟೋಕ್ಕೆ ನಿಂತಂತೆ ಗಿರಾಕಿಗಳ ಕಡೆ ಮುಖ ಮಾಡಿ ನಿಂತಿದ್ದವು. ಅವುಗಳ ಹಿಂದೆ ಕಂಬಳಿ ಹೊದಿಸಿದ ಗುಡಾರ. ಬಗ್ಗಿ ಒಳಗೆ ಹೋಗಿ ತಿರುಗಿ ನೋಡಿದರೆ ಅಪ್ಪ ಹೊರಗೇ ನಿಂತಿದ್ದಾನೆ.

"ಯವ್ವಾ, ಇಲ್ಲಿಗ್ಯಾಕ ಕರಕೊಂಡ ಬಂದಿ? ಅಡವ್ಯಾಗ ಉಂಡದ್ದು ಸಾಕಾಗಿಲ್ಲೇನ ನಿನಗ?"

ನಮ್ಮ ಮನಿ ಇದ್ದಂಗ ಐತಲ್ಲಪ್ಪಾ ಅಂದೆ. ಅವನಿಗೆ ಸಿಟ್ಟೇನೂ ಬರಲಿಲ್ಲ.

"ಕುರಿ ಹಿಡಿಯಾಕ ತ್ವಾಳ ಬಂದೀತಂತ ನಿಮ್ಮವ್ವ ಒಂದ ಕಣ್ಣ ಹೊರಗ ಇಟ್ಟ ಉಣ್ತಿದ್ದಳು. ಒಂದ ದಿನರ ಬಾಗಲಾ ಹಾಕ್ಕೊಂಡು ಉಣಬೇಕು ಅನ್ನಾಕಿ. ಆಗಲಿಲ್ಲ."

ಮಗಳು ಮುತ್ಯಾನ ಕೈ ಹಿಡಿದು ಅರಮನೆಗೆ ನಡೆಸಿದಳು. ಒಳಗೆ ಹೋಗುತ್ತಲೇ ಗಾಜಿನ ಬಾಗಿಲು ತಾನೇ ಮುಚ್ಚಿಕೊಂಡಿತು. ಮೆತ್ತನೆಯ ಕುರ್ಚಿಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂತು ಅಪ್ಪ ನಿಧಾನವಾಗಿ, ಸಮಾಧಾನದಿಂದ ಉಂಡ. ನಾನು ತಟ್ಟೆ ಕೆದಕುತ್ತ ಕೂತೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುತ್ತಾರೆ. ಆದರೆ ನಾನು ಆ ಬೆಟ್ಟದ ಮೇಲೆಯೇ ಬೆಳೆದವಳು. ಅಲ್ಲಿ ಸುಖವಾಗಿದ್ದವಳು ನಾನೊಬ್ಬಳೇ ಏನು? ಆ ಮನೆ ನನಗೆ ಇವತ್ತಿಗೂ ಬೇಕು. ಅದು ಬೇಕೆಂದು ಅಪ್ಪನ ಮುಂದೆ ಮಾತ್ರ ಇನ್ನು ಹೇಳಲಾರೆ.